ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವವರು ಯಾರು?

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಪ್ರತಿ: ಉಭಯ ಜಿಲ್ಲೆಗಳ ಆರೋಗ್ಯಾಧಿಕಾರಿಗಳು, ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಕಾರ್ಮಿಕ ಇಲಾಖೆ

ವಿಷಯ: ಮನೆಯಲ್ಲೇ ಉಳಿದು ಹಿರಿಯರನ್ನು ನೋಡಿಕೊಳ್ಳುವ ‘ಹೋಂ ನರ್ಸ್’ ವ್ಯವಸ್ಥೆಗೆ ಜಿಲ್ಲಾ ಮಟ್ಟದಲ್ಲಿ ಒಂದು ಕಟ್ಟುಪಾಡು ಮಾಡುವ ಕುರಿತು

ಮಾನ್ಯರೇ,

ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುವುದು ಹಳೆಯ ರೂಢಿ. ಹಾಗೆ ಬಂದು ನೆಲೆಸಿದ ಪಿಂಚಣಿದಾರರು ಈಗ ಎಂಬತ್ತು ದಾಟಿದ್ದಾರೆ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳ ಹಳೆಯ ಮನೆಗಳಲ್ಲಿ, ಮಂಡ್ಯದ ಅಶೋಕನಗರದಂಥ ಬಡಾವಣೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಇಲ್ಲವೇ ಇಬ್ಬರಲ್ಲಿ ಉಳಿದವರೊಬ್ಬರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯುತ್ತದೆ, ಅಥವಾ ಬೆಳಿಗ್ಗೆ ಕಾಫಿ ಲೋಟ ಹಿಡಿದ ಕೈ ಸೋತುಬೀಳುತ್ತದೆ. ಆಸ್ಪತ್ರೆಯವರು ತಮ್ಮ ಕೆಲಸ ಮುಗಿಸಿ ಮನೆಗೆ ಕಳಿಸುತ್ತಾರೆ. ಮುಂದೇನು ಎಂದು ಕೇಳಿದರೆ ಊರಲ್ಲಿ ಸಿಗುವ ಉತ್ತರ ಎರಡೇ: “ಎಲ್ಲಾದರೂ ಸೇರಿಸಿಬಿಡಿ”, “ಒಬ್ಬರು ಹೋಂ ನರ್ಸ್ ಇಟ್ಟುಕೊಳ್ಳಿ”.

2011ರ ಜನಗಣತಿಯ ಹೊತ್ತಿಗೇ ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆಯಷ್ಟು ಜನ ಅರವತ್ತು ದಾಟಿದವರಿದ್ದರು. ಆಮೇಲೆ ಆ ಪ್ರಮಾಣ ಇಳಿದಿರಲು ಯಾವ ಕಾರಣವೂ ಇಲ್ಲ. ಈ ಪತ್ರ ಬರೆಯುತ್ತಿರುವ ನಾವು ದಾದಿಯರು, ಫಿಸಿಯೋಥೆರಪಿಸ್ಟರು ಮತ್ತು ಮನೆಗಳಲ್ಲಿ ಉಳಿದು ಆರೈಕೆ ಮಾಡುವವರು. ಮೇಲಿನ ಎರಡನೇ ಉತ್ತರ ಒಳ್ಳೆಯದು ಎಂದು ನಂಬಿದವರು. ಆದರೆ ಅದು ಇಂದು ನಡೆಯುತ್ತಿರುವ ರೀತಿ ಕಂಡು ಸುಮ್ಮನಿರಲಾಗದೆ ಬರೆಯುತ್ತಿದ್ದೇವೆ.

ಮೊದಲು ‘ಎಲ್ಲಾದರೂ ಸೇರಿಸಿ’ ಎಂಬುದನ್ನು ನೋಡೋಣ. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಹರ್ನಿಯಾ, ಜ್ವರಕ್ಕೆ ಸೇರುವ ಸಣ್ಣ ಆಸ್ಪತ್ರೆ. ವರ್ಷಗಟ್ಟಲೆ ಇರುವ ಜಾಗವಲ್ಲ. ವೃದ್ಧಾಶ್ರಮಗಳಿವೆ, ಆದರೆ ಬಹುಪಾಲು ಕಡೆ ಸೇರಿಸಿಕೊಳ್ಳುವಾಗಲೇ “ಅವರ ಕೆಲಸ ಅವರು ಮಾಡಿಕೊಳ್ಳುತ್ತಾರಾ?” ಎಂದು ಕೇಳುತ್ತಾರೆ. ಎದ್ದು ಓಡಾಡುವವರಿಗೆ ಜಾಗ ಉಂಟು, ಹಾಸಿಗೆ ಹಿಡಿದವರಿಗೆ ಇಲ್ಲ. ಅಂಥವರನ್ನೂ ತೆಗೆದುಕೊಳ್ಳುವ ಖಾಸಗಿ ಕೇರ್ ಹೋಂಗಳು ಈಚೆಗೆ ಬಂದಿವೆ. ಅಲ್ಲಿ ಒಬ್ಬ ಆಯಾ ಎಷ್ಟು ಹಾಸಿಗೆ ನೋಡಿಕೊಳ್ಳಬೇಕು ಎಂಬುದನ್ನು ಬಾಗಿಲಲ್ಲಿ ಬರೆದು ಹಾಕಿದ್ದನ್ನು ನಾವಂತೂ ಕಂಡಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಸೆಕ್ಷನ್, ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗಾಗಿ, ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಸ್ಥಾಪಿಸಬಹುದು, ಅಷ್ಟೇ. ಸ್ಥಾಪಿಸತಕ್ಕದ್ದು ಎಂದಿಲ್ಲ.

ಮನೆಯಲ್ಲೇ ಇಟ್ಟುಕೊಳ್ಳುವುದರ ಗುಣ ಭಾವನೆಯ ಮಾತಷ್ಟೇ ಅಲ್ಲ. ಮರೆವಿನ ಕಾಯಿಲೆ ಇರುವ ಅಜ್ಜಿಗೆ ಮಗನ ಹೆಸರು ಮರೆತಿರಬಹುದು, ಆದರೆ ಕತ್ತಲಲ್ಲೂ ಬಚ್ಚಲಿನ ದಾರಿ ಕಾಲಿಗೆ ಗೊತ್ತಿರುತ್ತದೆ. ಹೊಸ ಜಾಗಕ್ಕೆ ಸಾಗಿಸಿದರೆ ಆ ದಾರಿಯೂ ಹೋಗುತ್ತದೆ. ರಾತ್ರಿ ಎದ್ದು ತಡಕಾಡುತ್ತಾರೆ, ಬೀಳುತ್ತಾರೆ, ಕೂಗುತ್ತಾರೆ, ಕೊನೆಗೆ ನಿದ್ದೆ ಮಾತ್ರೆ ಶುರುವಾಗುತ್ತದೆ. ಇನ್ನು ಒಬ್ಬರಿಗೆ ಒಬ್ಬರು ಇದ್ದಾಗ ಮೂತ್ರದ ಬಣ್ಣ ಬದಲಾದದ್ದು, ಹಿಮ್ಮಡಿ ಕೆಂಪಾದದ್ದು, ನಿನ್ನೆಗಿಂತ ಎರಡು ತುತ್ತು ಕಡಿಮೆ ತಿಂದದ್ದು ಕಣ್ಣಿಗೆ ಬೀಳುತ್ತದೆ. ಹತ್ತು ಹಾಸಿಗೆ ನೋಡುವವರಿಗೆ ಇದು ಕಾಣುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಹಾಗಾದರೆ ತೊಂದರೆ ಏನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಈ ಇಡೀ ವ್ಯವಸ್ಥೆ ನಿಂತಿರುವುದು ಒಬ್ಬ ಹೆಂಗಸಿನ ನಿದ್ದೆಗೇಡಿನ ಮೇಲೆ.

ಮನೆಗಳಿಗೆ ಹೋಂ ನರ್ಸ್ ಕಳಿಸುವ ಬ್ಯೂರೋದವರು ‘24 ಗಂಟೆ ಆಳು’ ಎಂದು ಬರೆದುಕೊಡುತ್ತಾರೆ. ಲೆಕ್ಕ ಹಾಕಿ ನೋಡಿ. ಮೂವತ್ತು ದಿನದ ತಿಂಗಳಿಗೆ 720 ಗಂಟೆ. ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆಯಂತೆ 26 ದಿನ ದುಡಿಯುವವರು ಕೊಡುವುದು 208 ಗಂಟೆ. ಅಂದರೆ ಮೂರೂವರೆ ಮಂದಿಯ ಕೆಲಸಕ್ಕೆ ಒಬ್ಬರನ್ನು ಕಳಿಸಿ, ಒಬ್ಬರ ಸಂಬಳ ಕೊಡಿಸಿ, ಅದರಲ್ಲೂ ಕಮಿಷನ್ ಹಿಡಿಯುತ್ತಾರೆ. ಹಗಲಿನಲ್ಲಿ ಕೂತು ಸುಧಾರಿಸಿಕೊಳ್ಳುವ ಹೊತ್ತೂ ಇರುತ್ತದೆ, ಪೂರ್ತಿ 720 ಗಂಟೆ ದುಡಿಮೆಯಲ್ಲ ಎನ್ನಬಹುದು. ಒಪ್ಪಿದೆವು. ರಾತ್ರಿಯ ಲೆಕ್ಕ ತೆಗೆದುಕೊಳ್ಳಿ.

ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಹತ್ತಕ್ಕೆ ಬಲ ಮಗ್ಗುಲು, ಹನ್ನೆರಡಕ್ಕೆ ಬೆನ್ನು, ಎರಡಕ್ಕೆ ಎಡ ಮಗ್ಗುಲು, ನಾಲ್ಕಕ್ಕೆ ಮತ್ತೆ ಬಲ, ಆರಕ್ಕೆ ಬೆನ್ನು. ಐದು ಸಲ. ಬರೀ ತಳ್ಳಿದರೆ ಆಗಲಿಲ್ಲ. ಡೈಪರ್ ನೋಡಬೇಕು, ಒದ್ದೆ ಇದ್ದರೆ ಒರೆಸಿ ಬದಲಿಸಬೇಕು, ಬೆನ್ನ ಹಿಂದೆ ದಿಂಬು ಕೊಡಬೇಕು, ಮೊಣಕಾಲುಗಳ ನಡುವೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮತ್ತೊಂದು. ಸರಿಯಾಗಿ ಮಾಡಿದರೆ ಒಂದು ಸಲಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ. ನಡುವೆ ಸಿಗುವ ನಿದ್ದೆ ಒಂದೂಕಾಲು, ಒಂದೂವರೆ ಗಂಟೆಯ ತುಂಡುಗಳು. ಹೀಗೆ ಒಂದು ವಾರ ಮಾಡಬಹುದು. ಮೂರನೇ ವಾರಕ್ಕೆ ಏನಾಗುತ್ತದೆಂದರೆ, ಹನ್ನೆರಡಕ್ಕೆ ಎದ್ದವರು ನಾಲ್ಕರವರೆಗೆ ಏಳುವುದಿಲ್ಲ. ಬೆಳಿಗ್ಗೆ ನೋಟ್ ಪುಸ್ತಕದಲ್ಲಿ ಎಲ್ಲ ಸಮಯಕ್ಕೂ ಟಿಕ್ ಹಾಕಿರುತ್ತದೆ. ಒಂದೇ ಶಾಯಿ, ಒಂದೇ ಓಟದ ಬರಹ. ಅದನ್ನು ಕಂಡ ಕೂಡಲೇ ಗೊತ್ತಾಗುತ್ತದೆ, ಕೂತು ಒಟ್ಟಿಗೆ ಬರೆದದ್ದು ಎಂದು.

ಆಗ ಹುಟ್ಟುವುದು ಬೆಡ್ ಸೋರ್. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಹೊರಮೂಳೆ, ಮೊಣಕೈ, ತಲೆಯ ಹಿಂಭಾಗ: ಮೂಳೆ ಚರ್ಮಕ್ಕೆ ಹತ್ತಿರವಿರುವಲ್ಲೆಲ್ಲ ಹಾಸಿಗೆಯ ಒತ್ತಡಕ್ಕೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಮೊದಲ ಗುರುತು ಕೆಂಪು ಕಲೆ. ಕಪ್ಪು ಮೈಯಲ್ಲಿ ಕೆಂಪು ಕಾಣದೆ ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಕೈಗೆ ತಿಳಿಯುತ್ತದೆ. ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಒಳಗೆ ಶುರುವಾಗಿದೆ ಎಂದೇ ಅರ್ಥ. ಇಲ್ಲಿ ಮನೆಯವರೂ ಬ್ಯೂರೋ ಕಳಿಸಿದವರೂ ಸೇರಿ ಮಾಡುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ; ಒಳಗೆ ಹರಿದಿರುವ ಸೂಕ್ಷ್ಮ ನಾಳಗಳು ಇನ್ನಷ್ಟು ಹರಿಯುತ್ತವೆ. ಬಟ್ಟೆಯನ್ನು ಸಿಂಬಿಯಂತೆ ಸುತ್ತಿ ಇಡುತ್ತಾರೆ. ಸಿಂಬಿಯ ಅಂಚು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ತಲೆಯ ಕಡೆಗೆ ಎಳೆದುಕೊಳ್ಳುವಾಗ ಕಂಕುಳಿಗೆ ಕೈ ಹಾಕಿ ದರದರ ಎಳೆಯುತ್ತಾರೆ. ಚರ್ಮ ಹಾಸಿಗೆಗೆ ಅಂಟಿ ಒಳಗಿನ ಮಾಂಸ ಮಾತ್ರ ಜರುಗುತ್ತದೆ. ಬೆನ್ನ ಕೆಳಗೆ ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ದಪ್ಪ ಹಚ್ಚಡ ಮಡಿಸಿ ಹಾಸಿ, ಎರಡೂ ಕಡೆ ಒಬ್ಬೊಬ್ಬರು ಹಿಡಿದು ಎತ್ತಿ ಸರಿಸುವುದು ಸರಿಯಾದ ಕ್ರಮ. ಅದಕ್ಕೆ ಎರಡು ಜೊತೆ ಕೈ ಬೇಕು. ಆ ಎರಡನೇ ಜೊತೆ ಎಲ್ಲಿದೆ?

“ಏರ್ ಬೆಡ್ ತಂದಿದ್ದೀವಲ್ಲ” ಎನ್ನುತ್ತಾರೆ ಮನೆಯವರು. ಏರ್ ಬೆಡ್ ಒಳ್ಳೆಯದು, ಮಗ್ಗುಲು ಬದಲಿಸುವುದಕ್ಕೆ ಬದಲಿಯಲ್ಲ. ಪಂಪಿನ ಗುಂಡಿಯನ್ನು ರೋಗಿಯ ತೂಕಕ್ಕೆ ತಿರುಗಿಸಿಡಬೇಕು. ಪೂರ್ತಿ ಗಟ್ಟಿಗೆ ತಿರುಗಿಸಿದರೆ ಅದು ಹಲಗೆ, ಪೂರ್ತಿ ಮೆತ್ತಗೆ ತಿರುಗಿಸಿದರೆ ಸೊಂಟ ಕೆಳಗಿನ ಮಂಚಕ್ಕೇ ತಾಗುತ್ತದೆ. ಹಾಸಿಗೆಯ ಅಡಿ, ಸೊಂಟದ ನೇರಕ್ಕೆ ಅಂಗೈ ಚಾಚಿ ತೂರಿಸಿದರೆ ಮೂಳೆ ಕೈಗೆ ತಗಲಬಾರದು; ನಡುವೆ ಒಂದಂಗುಲವಾದರೂ ಗಾಳಿ ಇರಬೇಕು. ಹಳೆಯ ಮನೆಗಳಲ್ಲಿ ಕೋಣೆಗೊಂದೇ ಪ್ಲಗ್ ಪಾಯಿಂಟ್. ಮೊಬೈಲ್ ಚಾರ್ಜ್ ಮಾಡಲು ಪಂಪಿನ ಪ್ಲಗ್ ಕಿತ್ತು, ಮತ್ತೆ ಹಾಕಲು ಮರೆತು, ಬೆಳಗಾಗುವಷ್ಟರಲ್ಲಿ ಹಾಸಿಗೆ ಚಪ್ಪಟೆಯಾಗಿರುವ ಮನೆಗಳು ಒಂದೆರಡಲ್ಲ. ಇಪ್ಪತ್ತು ಅಡಿ ವೈರಿನ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತರುವುದು ಯಾರ ಕೆಲಸ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಅಂದಹಾಗೆ ಒಳ್ಳೆಯ ಹಾಸಿಗೆ ಇದ್ದು, ಚರ್ಮ ತಡೆಯುತ್ತಿದೆ ಎಂದು ದಾದಿಯೊಬ್ಬರು ಕಣ್ಣಾರೆ ನೋಡಿ ಒಪ್ಪಿದರೆ, ರಾತ್ರಿಯ ಅಂತರವನ್ನು ನಾಲ್ಕು ಗಂಟೆಗೆ ಏರಿಸಬಹುದು. ಆಗ ಒಬ್ಬರೇ ಇದ್ದರೂ ಒಂದಿಷ್ಟು ನಿದ್ದೆ ಸಿಗುತ್ತದೆ. ಆದರೆ ನೋಡಿ ಒಪ್ಪುವ ಆ ದಾದಿ ಯಾವ ಮನೆಗೂ ಬರುವುದಿಲ್ಲ.

ಊಟದ ವಿಷಯಕ್ಕೆ ಬಂದರೆ, ನಮ್ಮಂಥ ಮುದ್ದೆ ಉಣ್ಣುವ ಜಿಲ್ಲೆಗಳಿಗೆ ವಿಶೇಷವಾದ ಒಂದು ಅಪಾಯವಿದೆ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅರವತ್ತು ವರ್ಷದ ಅಭ್ಯಾಸ. ಪಾರ್ಶ್ವವಾಯು ಹೊಡೆದು ಗಂಟಲಿನ ಒಂದು ಪಕ್ಕ ಸೋತವರಿಗೆ “ತಾತಂಗೆ ಮುದ್ದೆ ಅಂದ್ರೆ ಪ್ರಾಣ” ಎಂದು ಪ್ರೀತಿಯಿಂದ ಕೊಡುವ ತುತ್ತು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ನೀರು, ಕಾಫಿ, ತಿಳಿ ಸಾರು ಇನ್ನೊಂದು ರೀತಿಯ ಅಪಾಯ. ಬೇಗ ಜಾರಿ ಪುಪ್ಪುಸಕ್ಕೆ ಇಳಿಯುತ್ತವೆ. ಕೆಮ್ಮು ಬಂದರೆ ಪುಣ್ಯ. ಕೆಮ್ಮೇ ಬರದೆ ಇಳಿದರೆ ಎರಡು ಮೂರು ದಿನಕ್ಕೆ ಜ್ವರ, ಉಬ್ಬಸ, ಮತ್ತೆ ಆಸ್ಪತ್ರೆ. ಊಟವಾದ ಮೇಲೆ ದನಿ ಗೊರಗೊರ ಎನ್ನುತ್ತಿದೆಯೇ ಎಂದು ಒಂದು ಮಾತಾಡಿಸಿ ನೋಡಬೇಕು, ಸೋತ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ಎಂದು ಬಾಯಿ ತೆರೆಸಿ ನೋಡಬೇಕು. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಗಟ್ಟಿ ಇರುವ ಪಕ್ಕಕ್ಕೆ ಕೊಟ್ಟು, ಒಂದನ್ನು ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ಆಮೇಲೂ ಅರ್ಧ ಗಂಟೆ ಮಲಗಿಸಬಾರದು. ಯಾವ ಹದದ ಆಹಾರ ಯಾರಿಗೆ ಸುರಕ್ಷಿತ ಎಂದು ಪರೀಕ್ಷಿಸಿ ಹೇಳಬಲ್ಲ ವಾಕ್ ಚಿಕಿತ್ಸಕರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾನಸಗಂಗೋತ್ರಿಯಲ್ಲೇ ಇದೆ. ದೇಶದ ಬೇರೆ ಊರಿನವರು ಇಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ನಮ್ಮ ಊರಿನ ಬಿಡುಗಡೆ ಚೀಟಿಗಳಲ್ಲಿ ‘ನುಂಗುವ ಪರೀಕ್ಷೆ ಮಾಡಿಸಿ’ ಎಂಬ ಒಂದು ಸಾಲು ಕಾಣುವುದು ಅಪರೂಪ.

ಮೂಗಿನ ಪೈಪ್ ಹಾಕಿ ಕಳಿಸಿದವರ ಪಾಡು ಬೇರೆ. ಪೈಪಿನಲ್ಲಿ ಕೊಡುವಾಗ ಸೊಂಟದ ಮೇಲ್ಭಾಗ 30ರಿಂದ 45 ಡಿಗ್ರಿ ಎದ್ದಿರಬೇಕು. ತಲೆಗೆ ಎರಡು ದಿಂಬು ಕೊಟ್ಟರೆ ಕುತ್ತಿಗೆ ಬಗ್ಗುತ್ತದೆಯೇ ಹೊರತು ಎದೆ ಏಳುವುದಿಲ್ಲ. ಮಂಚದ ತಲೆಭಾಗವೇ ಏಳಬೇಕು, ಅಥವಾ ಬೆನ್ನಿಗೆ ಒರಗು ಇಡಬೇಕು. ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಿಂದ ಹಾಕಿದ ಗುರುತು ಜರುಗಿಲ್ಲ ಎಂದು ಪ್ರತಿ ಸಲ ನೋಡಬೇಕು; ಜರುಗಿದ್ದರೆ ಒಂದು ತೊಟ್ಟೂ ಬಿಡದೆ ದಾದಿಯನ್ನು ಕರೆಯಬೇಕು. ಒಂದು ಹೊತ್ತಿಗೆ 200ರಿಂದ 250 ಮಿ.ಲೀ., ಸಿರಿಂಜಿನ ದಂಡಿ ಒತ್ತದೆ ತಾನಾಗಿ ಇಳಿಯುವಂತೆ. ಮೊದಲು ಮತ್ತು ಕೊನೆಗೆ 30 ಮಿ.ಲೀ. ನೀರು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸದೆ ಬಿಟ್ಟರೆ ಪೈಪ್ ಕಟ್ಟುತ್ತದೆ. ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಕಲಸಿದರೂ ಕಟ್ಟುತ್ತದೆ. ಮೇಲಾಗಿ ನಿಧಾನವಾಗಿ ಕರಗಬೇಕಾದ ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯಬಹುದು. ಇಷ್ಟನ್ನೂ ಬಿಡುಗಡೆಯ ದಿನ ಬಿಲ್ ಕೌಂಟರಿನ ಗಡಿಬಿಡಿಯಲ್ಲಿ, ಹತ್ತು ನಿಮಿಷದಲ್ಲಿ, ಕೈಗೆ ಸಿಕ್ಕ ನೆಂಟರೊಬ್ಬರಿಗೆ ಹೇಳಿ ಮುಗಿಸುತ್ತಾರೆ. ಆ ನೆಂಟರು ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಾರೆ. ಕೈಯಲ್ಲಿ ಉಳಿಯುವ ಚೀಟಿ ಇಂಗ್ಲಿಷಿನಲ್ಲಿದೆ.

ಇಲ್ಲಿ ‘ಹೋಂ ನರ್ಸ್’ ಎಂಬ ಹೆಸರೇ ಅರ್ಧ ಅನಾಹುತಕ್ಕೆ ಕಾರಣ ಎಂದು ಹೇಳಲೇಬೇಕು. ನರ್ಸ್ ಎಂದರೆ ಓದಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು. ಬ್ಯೂರೋಗಳು ಕಳಿಸುವವರಲ್ಲಿ ಹೆಚ್ಚಿನವರು ಪ್ರೌಢಶಾಲೆಗೆ ಓದು ಬಿಟ್ಟು, ಒಂದು ವಾರ ಇನ್ನೊಬ್ಬರ ಜೊತೆಯಲ್ಲಿದ್ದು ಕಲಿತವರು. ಅವರಲ್ಲಿ ಅಪರೂಪದ ಕೈಗುಣ ಇರುವವರೂ ಇದ್ದಾರೆ, ಅದು ಬೇರೆ ಮಾತು. ಆದರೆ ಹೆಸರಿನಲ್ಲಿ ನರ್ಸ್ ಎಂದಿರುವುದರಿಂದ ಮನೆಯವರು ಇನ್ಸುಲಿನ್ ಪ್ರಮಾಣ ಏರಿಸು ಇಳಿಸು ಎನ್ನುತ್ತಾರೆ, ಕಟ್ಟಿಕೊಂಡ ಮೂತ್ರದ ಪೈಪನ್ನು ಬದಲಿಸು ಎನ್ನುತ್ತಾರೆ, ಡ್ರಿಪ್ ಹಾಕು ಎನ್ನುತ್ತಾರೆ. ಬಂದವರಿಗೆ ‘ನನಗೆ ಬರುವುದಿಲ್ಲ’ ಎನ್ನಲು ಭಯ. ಬ್ಯೂರೋ ಆ ಮಾತನ್ನು ದೂರಾಗಿ ಬರೆದುಕೊಳ್ಳುತ್ತದೆ. ಸ್ನಾನ, ಊಟ, ಮಗ್ಗುಲು, ನಡೆಸುವುದು, ಡಬ್ಬಿಯಲ್ಲಿ ವಿಂಗಡಿಸಿಟ್ಟ ಮಾತ್ರೆ ಕೊಡುವುದು, ಬಿ.ಪಿ. ಮತ್ತು ಸಕ್ಕರೆ ಅಳೆದು ಬರೆಯುವುದು, ಮೂತ್ರದ ಚೀಲವನ್ನು ಸೊಂಟಕ್ಕಿಂತ ಕೆಳಗೆ ಆದರೆ ನೆಲಕ್ಕೆ ತಾಗದಂತೆ ತೂಗುಹಾಕಿ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡುವುದು ಇವರ ಕೆಲಸ. ಪೈಪ್ ಹಾಕುವುದು, ತೆಗೆಯುವುದು, ಆಳದ ಹುಣ್ಣಿನ ಡ್ರೆಸ್ಸಿಂಗ್, ಔಷಧದ ಪ್ರಮಾಣ ತೀರ್ಮಾನಿಸುವುದು ನೋಂದಾಯಿತ ದಾದಿ ಮತ್ತು ವೈದ್ಯರದು. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರುತ್ತಿದ್ದರೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದನ್ನು ಎಲ್ಲರಿಗೂ ಕಲಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದನ್ನು ಅದಕ್ಕಿಂತ ಮೊದಲು ಕಲಿಸಬೇಕು.

ಬ್ಯೂರೋಗಳಿಗೆ ಫೋನ್ ಮಾಡಿದರೆ ಕೇಳುವ ಪ್ರಶ್ನೆ ಎರಡು. ಗಂಡಸೋ ಹೆಂಗಸೋ? ಎದ್ದು ಓಡಾಡುತ್ತಾರೋ ಮಲಗಿದ್ದಾರೋ? ತೂಕ ಎಷ್ಟು ಎಂದು ಕೇಳುವುದಿಲ್ಲ. ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ಕೇಳುವುದಿಲ್ಲ. 75 ಕಿಲೋ ತೂಗುವವರ ಮನೆಗೆ 45 ಕಿಲೋದ ಹುಡುಗಿಯನ್ನು ಕಳಿಸುತ್ತಾರೆ. ತಿಂಗಳೊಳಗೆ ಅವಳ ಸೊಂಟ ಹಿಡಿಯುತ್ತದೆ. ‘ರಿಜಿಸ್ಟ್ರೇಷನ್’ ಎಂದು ಮುಂಗಡ ಹಣ, ಪ್ರತಿ ತಿಂಗಳ ಸಂಬಳದಲ್ಲಿ ಕಡಿತ, ಆಧಾರ್ ಕಾರ್ಡಿನ ಮೂಲಪ್ರತಿಯನ್ನೇ ಇಟ್ಟುಕೊಳ್ಳುವುದು, ಮೂರು ವಾರಕ್ಕೊಮ್ಮೆ ಆಳು ಬದಲಿಸುವುದು. ಹಳಬರು ಬೆಳಿಗ್ಗೆ ಹೊರಟು ಹೊಸಬರು ಸಂಜೆ ಬಂದರೆ, ಅಜ್ಜಿ ಬಲಗಡೆಯಿಂದ ಎದ್ದರೆ ಮಾತ್ರ ನಿಲ್ಲಬಲ್ಲರು ಎಂಬ ಸಣ್ಣ ಸಂಗತಿ ಆ ನಡುವೆ ಕಳೆದುಹೋಗುತ್ತದೆ. ಆ ರಾತ್ರಿಯೇ ಬೀಳುತ್ತಾರೆ.

ಇನ್ನೊಂದು ಮಗ್ಗುಲು. ಬಂದವಳು ಮಲಗುವುದು ರೋಗಿಯ ಮಂಚದ ಪಕ್ಕ, ಚಾಪೆಯ ಮೇಲೆ. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಇಲ್ಲದ ಮನೆಗಳಿವೆ. ಮಿಕ್ಕ ಅನ್ನ ಹಾಕುವ ಮನೆಗಳಿವೆ. ‘ಬಿಡುವಾಗಿದ್ದೀಯಲ್ಲ’ ಎಂದು ಪಾತ್ರೆ, ನೆಲ, ಮೊಮ್ಮಕ್ಕಳ ಬಟ್ಟೆಯನ್ನೂ ಸೇರಿಸುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಮಿತಿ ಮೀರಿ ನಡೆದುಕೊಳ್ಳುವ ಗಂಡಸರಿರುವ ಮನೆಗಳೂ ಇವೆ. ಅವರಲ್ಲಿ ಮರೆವಿನ ಕಾಯಿಲೆಯಿಂದ ಹಾಗಾದವರು ಕೆಲವರು, ಕಾಯಿಲೆ ಇಲ್ಲದವರು ಕೆಲವರು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳ ಎಂದೇ ಎಣಿಸುತ್ತದೆ, ಮನೆಗೆಲಸದವರ ದೂರಿನಲ್ಲಿ ಹುರುಳಿದೆ ಎಂದು ಕಂಡರೆ ಜಿಲ್ಲೆಯ ಸ್ಥಳೀಯ ಸಮಿತಿ ಅದನ್ನು ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು ಎನ್ನುತ್ತದೆ. ಈ ಸಮಿತಿ ಯಾವ ಕಟ್ಟಡದಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂದು ಗೊತ್ತಿರುವ ಒಬ್ಬ ಹೋಂ ನರ್ಸನ್ನೂ ನಾವು ಕಂಡಿಲ್ಲ. ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿ ಉಳಿದ ರಾಜ್ಯಗಳಿಗಿಂತ ಮುಂದೆ ಹೋಗಿದ್ದ ಕರ್ನಾಟಕದಲ್ಲಿ ಈ ಸ್ಥಿತಿ.

ಕಾನೂನಿನಲ್ಲಿ ಸಂದು ಎಲ್ಲಿದೆ ಎಂಬುದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಆಸ್ಪತ್ರೆ, ನರ್ಸಿಂಗ್ ಹೋಂಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಒಂದು ಮೇಜು, ಎರಡು ಮೊಬೈಲ್ ಇಟ್ಟುಕೊಂಡು ಮನೆಮನೆಗೆ ಆಳು ಕಳಿಸುವ ಬ್ಯೂರೋ ಅದರ ಕಣ್ಣಿಗೆ ಬೀಳುವುದಿಲ್ಲ. ಮನೆ ಆರೈಕೆ ಕೊಡುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು ಎಂದು ಮೇಲೆ ಹೇಳಿದ ಹಿರಿಯ ನಾಗರಿಕರ ಪೋಷಣೆ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಅಂಗೀಕಾರವಾಗದೆ ಆ ಲೋಕಸಭೆಯ ಜೊತೆಗೇ ಅದೂ ಮುಗಿಯಿತು. ಇನ್ನು ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಮಕ್ಕಳಿಂದ ಕೊಡಿಸುವ ಮಾಸಾಶನ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ. ಆ ದುಡ್ಡಿಗೆ ಮನೆಯಲ್ಲಿ ಉಳಿಯುವ ಒಬ್ಬರು ಸಿಗುವುದಿಲ್ಲ ಎಂಬುದು ಯಾವುದಾದರೂ ಬ್ಯೂರೋಗೆ ಒಂದು ಸಲ ಫೋನ್ ಮಾಡಿದವರಿಗೆ ಗೊತ್ತು. ಸಂಧ್ಯಾ ಸುರಕ್ಷಾ ಪಿಂಚಣಿಯ ಮಾತನ್ನು ಇಲ್ಲಿ ಎತ್ತುವುದೇ ಬೇಡ.

ಹೊಸ ಕಾಯ್ದೆ ಬರಲಿ ಎಂದು ಕಾಯುತ್ತ ಕೂರುವ ಬದಲು, ತಮ್ಮ ಅಧಿಕಾರ ಮತ್ತು ಸಮನ್ವಯದಿಂದ ಈಗಲೇ ಆಗಬಹುದಾದ್ದನ್ನು ಕೇಳುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ರಾತ್ರಿಯ ನಿಯಮ. ರಾತ್ರಿ ಎರಡು ಸಲಕ್ಕಿಂತ ಹೆಚ್ಚು ಏಳಬೇಕಾದ ರೋಗಿ ಇರುವ ಮನೆಗೆ ಒಬ್ಬರನ್ನೇ ‘24 ಗಂಟೆ’ ಎಂದು ಕಳಿಸಬಾರದು. ರಾತ್ರಿಗೆ ಬೇರೆಯವರು ಬರಬೇಕು, ಇಲ್ಲವೇ ಮನೆಯವರು ಸರದಿ ಹಂಚಿಕೊಳ್ಳಬೇಕು. ಉಳಿದ ಮನೆಗಳಲ್ಲೂ ಆರು ಗಂಟೆ ಸತತ ನಿದ್ದೆ, ಮಧ್ಯಾಹ್ನ ಎರಡು ಗಂಟೆ ಪೂರ್ತಿ ಬಿಡುವು, ವಾರಕ್ಕೆ 24 ಗಂಟೆ ರಜೆ ಎಂದು ಒಂದು ಮಾದರಿ ಕರಾರು ಪತ್ರವನ್ನು ಕಾರ್ಮಿಕ ಇಲಾಖೆಯಿಂದ ಕನ್ನಡದಲ್ಲಿ ಹೊರಡಿಸಿ. ಒಂದು ಪುಟ ಸಾಕು. ಮಾಡುವ ಕೆಲಸ, ಮಾಡಬಾರದ ಕೆಲಸ, ಬ್ಯಾಂಕ್ ಖಾತೆಗೆ ಸಂಬಳ, ಚಿಲಕವಿರುವ ಕೋಣೆ, ಬಿಡುವ ಮೊದಲು ಏಳು ದಿನದ ಸೂಚನೆ, ಬದಲಿಯಾಗುವಾಗ ಹಳಬರೂ ಹೊಸಬರೂ ಒಂದು ದಿನ ಜೊತೆಗಿದ್ದು ಕೆಲಸ ಒಪ್ಪಿಸುವುದು. ಸ್ಥಳೀಯ ಸಮಿತಿಯ ಫೋನ್ ಸಂಖ್ಯೆ ಮತ್ತು ಹಿರಿಯರ ಸಹಾಯವಾಣಿ 14567 ಅದರ ಅಡಿಯಲ್ಲಿ ಅಚ್ಚಾಗಿರಲಿ.

ಇಬ್ಬರನ್ನು ಇಡಲು ಯಾರಿಗೆ ಶಕ್ತಿಯಿದೆ ಎಂದು ಕೇಳುವುದು ನ್ಯಾಯವೇ. ಒಂದು ದಾರಿ ಇದೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹದಿನೈದು ಕಿಲೋಮೀಟರು. ಪಾಂಡವಪುರ, ನಂಜನಗೂಡುಗಳೂ ದೂರವಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಡುವ ಒಬ್ಬರನ್ನು ವಾರಕ್ಕೆ ಮೂರು ರಾತ್ರಿ ಇಟ್ಟುಕೊಂಡರೂ, ಮನೆಯಲ್ಲಿ ಉಳಿದವರಿಗೆ ಮೂರು ರಾತ್ರಿ ನಿದ್ದೆ ಸಿಗುತ್ತದೆ. ಅಕ್ಕಪಕ್ಕದ ಎರಡು ಮನೆಯವರು ಸೇರಿ ಒಬ್ಬರನ್ನು ಹಂಚಿಕೊಂಡರೆ ಖರ್ಚೂ ಅರ್ಧ. ಇಂಥ ಹೊಂದಾಣಿಕೆಯನ್ನು ಬ್ಯೂರೋಗಳು ಮಾಡುವುದಿಲ್ಲ, ಅವರಿಗೆ ಅದರಲ್ಲಿ ಲಾಭವಿಲ್ಲ. ತಾಲ್ಲೂಕು ಮಟ್ಟದ ಸ್ತ್ರೀಶಕ್ತಿ ಒಕ್ಕೂಟಗಳು ಮಾಡಬಲ್ಲವು.

ಬ್ಯೂರೋಗಳ ಪಟ್ಟಿಯೊಂದನ್ನು ಜಿಲ್ಲಾಡಳಿತ ಇಡಲಿ. ಹೆಸರು ಸೇರಿಸಲು ಷರತ್ತು ಹಾಕಿ: ಕಳಿಸುವವರ ತರಬೇತಿಯ ದಾಖಲೆ, ಪೊಲೀಸ್ ಪರಿಶೀಲನೆ, ಕಮಿಷನ್ ಎಷ್ಟು ಎಂಬುದರ ಬಹಿರಂಗ ಪಟ್ಟಿ, ಯಾರ ಮೂಲ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂಬ ಮುಚ್ಚಳಿಕೆ. ಪಟ್ಟಿಯಲ್ಲಿಲ್ಲದವರನ್ನು ಶಿಫಾರಸು ಮಾಡುವುದಿಲ್ಲ ಎಂದು ಆಸ್ಪತ್ರೆಗಳಿಂದ ಒಪ್ಪಿಗೆ ಪಡೆಯಿರಿ. ಬಹಳಷ್ಟು ಬ್ಯೂರೋಗಳ ಕಾರ್ಡ್ ಕುಟುಂಬಗಳ ಕೈ ಸೇರುವುದು ವಾರ್ಡಿನ ಕಾರಿಡಾರಿನಲ್ಲೇ. ತರಬೇತಿಗೆ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಕೌಶಲ ಯೋಜನೆಗಳಲ್ಲಿ ‘ಹೋಂ ಹೆಲ್ತ್ ಏಡ್’, ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಪಠ್ಯಗಳು ಆಗಲೇ ಇವೆ. ಬೊಂಬೆಯ ಮೇಲೆ ಕಲಿಸಿ ಸರ್ಟಿಫಿಕೇಟ್ ಕೊಡುವ ಬದಲು ಸರ್ಕಾರಿ ಬೋಧನಾ ಆಸ್ಪತ್ರೆಗಳ ವಾರ್ಡಿನಲ್ಲಿ, ದಾದಿಯರ ಕಣ್ಣೆದುರು, ಮನುಷ್ಯರ ಮೇಲೆ ಕೈ ಪಳಗಿಸುವ ಎರಡು ವಾರ ಸೇರಿಸಬೇಕು ಎಂಬುದಷ್ಟೇ ನಮ್ಮ ಬೇಡಿಕೆ.

ಬಿಡುಗಡೆಗೆ 48 ಗಂಟೆ ಮೊದಲೇ, ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರನ್ನು ವಾರ್ಡಿಗೆ ಕರೆಸಿ, ಪೈಪಿನಲ್ಲಿ ಊಟ ಕೊಡುವುದನ್ನೂ ಮಗ್ಗುಲು ಬದಲಿಸುವುದನ್ನೂ ಅವರ ಕೈಯಲ್ಲೇ ಎರಡು ಸಲ ಮಾಡಿಸಬೇಕು. ಇದನ್ನು ತಾವು ಅಧ್ಯಕ್ಷರಾಗಿರುವ ಪ್ರಾಧಿಕಾರದ ಸುತ್ತೋಲೆಯಲ್ಲಿ ಹೇಳಿ. ಜೊತೆಗೊಂದು ಕನ್ನಡ ಹಾಳೆ: ಪೈಪ್ ಹಾಕಿದ ತಾರೀಖು, ಬದಲಿಸಬೇಕಾದ ತಾರೀಖು, ಆಹಾರದ ಹದ, ಕುಟ್ಟಬಾರದ ಮಾತ್ರೆಗಳ ಹೆಸರು, ಯಾವಾಗ ವಾಪಸು ಕರೆತರಬೇಕು.

ಉಸ್ತುವಾರಿಯ ಮಾತು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗಿ ಬಿ.ಪಿ., ಸಕ್ಕರೆ ನೋಡುವುದು ಶುರುವಾಗಿದೆ. ಆಶಾ ಕಾರ್ಯಕರ್ತೆಯರ ತಲೆಗೆ, ಈಗಿನ ಗೌರವಧನಕ್ಕೇ, ಇನ್ನೊಂದು ಹೊರೆ ಹೊರಿಸಿ ಎಂದು ನಾವು ಹೇಳುತ್ತಿಲ್ಲ. ಹಾಸಿಗೆ ಹಿಡಿದವರ ಮನೆಗಳ ಪಟ್ಟಿಯಷ್ಟೇ ಅವರಿಂದ ಬರಲಿ. ಹದಿನೈದು ದಿನಕ್ಕೊಮ್ಮೆ ನೋಂದಾಯಿತ ದಾದಿಯೊಬ್ಬರು ಹೋಗಿ ಹೊದಿಕೆ ಸರಿಸಿ ಸೊಂಟ, ಹಿಮ್ಮಡಿ ನೋಡಿ, ಪೈಪ್ ನೋಡಿ, ನೋಟ್ ಪುಸ್ತಕಕ್ಕೆ ರುಜು ಹಾಕಿ ಬರಲಿ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ಸಿಗುವ ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿ ಮಾಡಿ, ಪಂಚಾಯಿತಿಗಳ ಮೂಲಕ ದಾದಿಯರನ್ನು ಮನೆಗೆ ಕಳಿಸುತ್ತಿದ್ದಾರೆ. ನಮ್ಮಿಂದ ಆಗದ ಕೆಲಸವೇನಲ್ಲ.

ಎರಡು ಸಣ್ಣ ವಿಷಯ. ಹಾಸಿಗೆ ಹಿಡಿದ ಒಬ್ಬರಿಂದ ತಿಂಗಳಿಗೆ ನೂರಕ್ಕೂ ಮಿಕ್ಕಿ ಡೈಪರ್ ಕಸಕ್ಕೆ ಬರುತ್ತದೆ. ಅದನ್ನು ಬೇರೆಯಾಗಿ ಸುತ್ತಿ ಕೊಡುವ ಚೀಲ, ಇನ್ಸುಲಿನ್ ಸೂಜಿಗಳಿಗೆ ದಪ್ಪ ಪ್ಲಾಸ್ಟಿಕ್ ಡಬ್ಬಿ ಇಲ್ಲದೆ ಎಲ್ಲವೂ ಪೌರಕಾರ್ಮಿಕರ ಬರಿಗೈಗೆ ಸಿಗುತ್ತಿದೆ. ವಿದ್ಯುತ್ ಕಂಪನಿ ಸೆಸ್ಕ್‌ನವರು ನಿಗದಿತ ವಿದ್ಯುತ್ ಕಡಿತದ ಪ್ರಕಟಣೆಯನ್ನು ಪತ್ರಿಕೆಗೆ ಕೊಡುತ್ತಾರೆ. ಆಮ್ಲಜನಕ ಯಂತ್ರ ಇರುವ ಮನೆಗಳನ್ನು ಗುರುತಿಸಿ ಹಿಂದಿನ ದಿನವೇ ಅವರಿಗೆ ಫೋನ್ ಮಾಡುವ ಏರ್ಪಾಡು ಬೇಕು.

ಎಲ್ಲರಿಗೂ ಮನೆಯೇ ಸರಿ ಎಂದು ನಾವು ವಾದಿಸುತ್ತಿಲ್ಲ. ಗಂಟಲಿಗೆ ರಂಧ್ರ ಮಾಡಿ ಗಂಟೆಗೊಮ್ಮೆ ಕಫ ಎಳೆಯಬೇಕಾದವರು, ಮೂಳೆ ಕಾಣುವಷ್ಟು ಹುಣ್ಣಾದವರು, ರಾತ್ರಿಯಿಡೀ ಹೊಡೆದಾಟಕ್ಕೆ ನಿಲ್ಲುವಷ್ಟು ಕೆರಳಿದವರು, ಎತ್ತಲು ಯಾವಾಗಲೂ ಇಬ್ಬರು ಬೇಕಾಗಿದ್ದೂ ಇಬ್ಬರನ್ನು ಇಡಲಾಗದ ಮನೆಯವರು: ಇವರಿಗೆ ಹಾಸಿಗೆಯ ಲೆಕ್ಕಕ್ಕೆ ಸರಿಯಾಗಿ ಸಿಬ್ಬಂದಿ ಇರುವ ಒಂದು ಸರ್ಕಾರಿ ಆರೈಕೆ ವಾರ್ಡ್ ಜಿಲ್ಲೆಗೊಂದು ಬೇಕೇ ಬೇಕು. ಮನೆಯಲ್ಲಿ ಉಳಿದವರಿಗೆ ತಿಂಗಳಿಗೆ ನಾಲ್ಕು ದಿನ ರಜೆ ಕೊಡಲು, ರೋಗಿಯನ್ನು ಆ ನಾಲ್ಕು ದಿನ ಒಪ್ಪಿಸಲೂ ಅದೇ ಜಾಗ ಆಗುತ್ತದೆ.

ಕರಾರು ಪತ್ರ, ಬಿಡುಗಡೆಯ ಹಾಳೆ, ಮತ್ತು ಗಂಟೆ, ಮಗ್ಗುಲು, ಕುಡಿದ ನೀರು, ಮೂತ್ರದ ಅಳತೆ, ಚರ್ಮದ ಸ್ಥಿತಿಗೆ ಅಂಕಣಗಳಿರುವ ನೋಟ್ ಪುಸ್ತಕದ ನಮೂನೆ, ಈ ಮೂರನ್ನೂ ಕನ್ನಡದಲ್ಲಿ ಸಿದ್ಧಪಡಿಸಿಟ್ಟಿದ್ದೇವೆ. ಆರೋಗ್ಯ, ಕಾರ್ಮಿಕ, ಹಿರಿಯ ನಾಗರಿಕರ ಇಲಾಖೆಗಳನ್ನು ಒಂದೇ ಮೇಜಿಗೆ ಕರೆದು ಒಂದು ಸಭೆ ನಡೆಸಿ. ಸಭೆಗೆ ಬ್ಯೂರೋದವರನ್ನು ಕರೆಯಿರಿ, ಮನೆಯವರನ್ನು ಕರೆಯಿರಿ. ಹೋಂ ನರ್ಸ್ ಕೆಲಸ ಮಾಡುವ ಇಬ್ಬರನ್ನಾದರೂ ಮರೆಯದೆ ಕರೆಯಿರಿ. ಸಭೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇದ್ದರೆ ಅವರಿಗೆ ಬರಲಾಗುತ್ತದೆ. ಊಟ ಕೊಟ್ಟು ಮುಗಿದಿರುತ್ತದೆ, ಸಂಜೆಯ ಪೈಪಿನ ಹೊತ್ತಿಗೆ ಹಿಂದಿರುಗಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಮನೆ ಆರೈಕೆಯ ಕೆಲಸದಲ್ಲಿರುವ ದಾದಿಯರು, ಫಿಸಿಯೋಥೆರಪಿಸ್ಟರು ಮತ್ತು ಆರೈಕೆದಾರರು